ಮೊಳೆಬಾಯಿಯ ಎಡಗಡೆ

ಜನರ ಮನೆಯ ಸೋಫಾದೊಳಗೆ ಏನೇನಿರುತ್ತದೆಂದು ಗೊತ್ತಾದರೆ ಯಾರೂ ಯಾರ ಮನೆಗೂ ಹೋಗಿ ಕೂರುವುದಿಲ್ಲ. ನನಗೆ ಗೊತ್ತು. ಇಪ್ಪತ್ತಾರು ವರ್ಷದಿಂದ ಅದನ್ನೇ ಬಿಚ್ಚುತ್ತಿದ್ದೇನೆ. ಉಗುರಿನ ಚೂರು, ಕೂದಲಿನ ಉಂಡೆ, ಅರ್ಧ ಚೀಪಿದ ಪೆಪ್ಪರಮೆಂಟು, ಒಣಗಿದ ಹಲ್ಲಿ, ಮಗು ಕಾರಿದ್ದು, ಮುದುಕರು ಯಾರಿಗೂ ಹೇಳಲಾರದೆ ಬಿಟ್ಟದ್ದು. ಮೇಲೆ ಹೂವಿನ ಬಟ್ಟೆ, ಒಳಗೆ ಹುಳುಕು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು "ಸ್ಪ್ರಿಂಗು ಸ್ವಲ್ಪ ಸಡಿಲ ಆಗಿದೆ, ಅಷ್ಟೇ" ಎನ್ನುವ ದೊಡ್ಡ ಮನುಷ್ಯರ ಸೋಫಾಗಳೇ ಹೆಚ್ಚು ನಾರುತ್ತವೆ, ಬೇಕಾದರೆ ಬರೆದಿಟ್ಟುಕೊಳ್ಳಿ.

ಆದರೂ ನಮ್ಮ ಕುಷನ್ ಅಂಗಡಿಯಲ್ಲಿ ನನಗೆ ಎಲ್ಲಕ್ಕಿಂತ ಹೇಸಿಗೆ ಎನಿಸುತ್ತಿದ್ದದ್ದು ಸೋಫಾಗಳಲ್ಲ, ನನ್ನ ಅಣ್ಣನ ಬಾಯಿ.

ಅಣ್ಣ ಕುಷನ್ ಕೆಲಸದವನು. ಹಳೆಯ ಸೋಫಾ, ಕುರ್ಚಿಗಳ ಬಟ್ಟೆ ಕಿತ್ತು ಹೊಸದನ್ನು ಹೊಡೆಯುವುದು ಅವನ ಕಸುಬು. ಬಿಚ್ಚಲು ಕೈಜೋಡಿಸುವುದು, ಹೊಸ ಬಟ್ಟೆ ಕತ್ತರಿಸಿ ಹೊಲಿದು ಕೊಡುವುದು ನನ್ನದು. ಅವನ ಗುರು ಅವನಿಗೆ ಕಲಿಸಿದ ವಿದ್ಯೆ ಏನೆಂದರೆ, ಸಣ್ಣ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಸುರಿದುಕೊಳ್ಳುವುದು. ಒಳಗೇ ನಾಲಿಗೆಯಿಂದ ಒಂದೊಂದನ್ನು ತಿರುಗಿಸಿ, ಮೊಳೆಯ ತಲೆ ಮುಂದೆ ಬರುವಂತೆ ತುಟಿಗೆ ತಂದು, ಆಯಸ್ಕಾಂತದ ಸುತ್ತಿಗೆಗೆ ಮುಟ್ಟಿಸುವುದು. ಸುತ್ತಿಗೆ ಅದನ್ನು ತುಟಿಯಿಂದಲೇ ಎತ್ತಿಕೊಂಡು ಹೋಗಿ ಮರಕ್ಕೆ ಟಕ್ ಎಂದು ಹೊಡೆಯುತ್ತದೆ. ಎಡಗೈ ಬಟ್ಟೆಯ ಬಿಗಿಯನ್ನು ಒಂದು ಕ್ಷಣವೂ ಬಿಡಬೇಕಾಗಿಲ್ಲ. ಬಾಯಲ್ಲಿ ಮೂವತ್ತು ಮೊಳೆ ಇಟ್ಟುಕೊಂಡೇ ಅಣ್ಣ ಗಿರಾಕಿಗಳ ಜೊತೆ ಹರಟೆ ಹೊಡೆಯುತ್ತಿದ್ದ. ಒಂದೂ ಬೀಳುತ್ತಿರಲಿಲ್ಲ. ಬೀದಿಗೆಲ್ಲ ಅವನು ಮೊಳೆಬಾಯಿ. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಿಗೆ ಮಾತ್ರ.

ಹೊಡೆದ ಪ್ರತಿ ಮೊಳೆಯ ಮೇಲೂ ಎಂಜಲು. ಅದು ಬಟ್ಟೆಯ ಅಂಚಿನಲ್ಲಿ ಸಣ್ಣಗೆ ಮಿನುಗಿ ಆರುತ್ತಿತ್ತು. ಈ ಊರಿನ ಅರ್ಧ ಜನ ನನ್ನ ಅಣ್ಣನ ಎಂಜಲಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾರೆ, ಪಾಪ, ಗೊತ್ತಿಲ್ಲ. ಊಟಕ್ಕೆ ಕರೆದರೆ ಅಂಗೈಗೆ ಮೊಳೆಗಳನ್ನೆಲ್ಲ ಉಗಿದು, ಅದೇ ಅಂಗೈಯನ್ನು ಪ್ಯಾಂಟಿಗೆ ಒರೆಸಿ ತಟ್ಟೆಗೆ ಕೈ ಹಾಕುತ್ತಿದ್ದ. ಒಂದು ಕಡೆ ಮದುವೆಯ ಮಾತುಕತೆಗೆ ಹೋದಾಗ ಕೆನ್ನೆಯ ಸಂದಿಯಲ್ಲಿ ಮರೆತಿದ್ದ ಮೊಳೆಯೊಂದು ಕಾಫಿ ಕುಡಿಯುವಾಗ ಲೋಟಕ್ಕೆ ಬಿತ್ತಂತೆ. ಸಂಬಂಧ ಅಲ್ಲಿಗೇ ಮುಗಿಯಿತು. ಆಮೇಲೆ ಅವನೂ ಆ ಗೋಜಿಗೆ ಹೋಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯೇ ಅವನ ಮನೆ.

ಅವನು ಬಾಯಿಗೆ ಮೊಳೆ ಸುರಿದುಕೊಂಡ ತಕ್ಷಣ ನಾನು ಮೂಗು ಮುರಿದು ಆ ಕಡೆ ತಿರುಗುತ್ತಿದ್ದೆ. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಡಬ್ಬಿಯ ಸದ್ದು ಕೇಳಿದರೇ ಸಾಕು, ನನ್ನ ಮೂಗು ತಾನಾಗಿ ಸುಕ್ಕಾಗುತ್ತಿತ್ತು. "ಪಿನ್ನು ಹೊಡೆಯೋ ಗನ್ನು ತಗೋ, ಲೋಕವೆಲ್ಲ ಅದರಲ್ಲೇ ಮಾಡ್ತಿದೆ" ಎಂದು ಸಾವಿರ ಸಲ ಹೇಳಿದ್ದೇನೆ. "ಅದು ಕೆಲಸ ಅಲ್ಲ ಕಣೇ, ಕಾಗದಕ್ಕೆ ಪಿನ್ನು ಹಾಕೋ ಗುಮಾಸ್ತನ ಆಟ" ಎನ್ನುತ್ತಿದ್ದ. ಹಟ ಎಂದರೆ ಹಟ. ಕೊನೆಗೆ ನನ್ನ ಹೊಲಿಗೆ ಮಿಷನ್ನನ್ನೇ ತಿರುಗಿಸಿ, ಅವನಿಗೆ ಬೆನ್ನು ಮಾಡಿ ಕೂತೆ.

ಆ ಸಲ ಹಳೆಯ ಸಿನಿಮಾ ಮಂದಿರದ ಎಂಬತ್ತು ಕುರ್ಚಿಗಳು ಬಂದವು. ಹತ್ತು ದಿನದ ಗಡುವು. ಒಂದೊಂದು ಕುರ್ಚಿಯ ಅಡಿಯಲ್ಲೂ ಜಗಿದು ಅಂಟಿಸಿದ ಚ್ಯೂಯಿಂಗ್ ಗಮ್, ಕೆಲವಕ್ಕೆ ಹಲ್ಲಿನ ಗುರುತು ಸಮೇತ. ಚಾಕುವಿನಲ್ಲಿ ಕೆರೆಯುತ್ತಾ ಕೆರೆಯುತ್ತಾ ನನಗೆ ಮನುಷ್ಯ ಜಾತಿಯ ಮೇಲೆಯೇ ಓಕರಿಕೆ ಬಂದಿತ್ತು.

ಸೋಮವಾರ ಅಣ್ಣ, "ಎಡಗಿವಿ ಹಿಂದೆ ಯಾಕೋ ನೋವು ಕಣೇ" ಎಂದ.

"ಏನೋ ಹುಳ ಕಚ್ಚಿರ್ಬೇಕು, ಈ ಕುರ್ಚಿಗಳಲ್ಲಿ ಇಲ್ದಿರೋ ಹುಳ ಯಾವುದು?" ಎಂದೆ.

ಸ್ವಲ್ಪ ಹೊತ್ತಿಗೆ, "ಸುತ್ತಿಗೆ ಸದ್ದು ಆ ಕಿವೀಲಿ ಒಡೆದ ಹಾಗೆ ಕೇಳುತ್ತೆ" ಎಂದ. ನಾನು ಮಿಷನ್ ತುಳಿಯುತ್ತಲೇ ಇದ್ದೆ. ಅವನು ಕುರ್ಚಿಯಿಂದ ಕಿತ್ತ ಹತ್ತಿಯನ್ನೇ ಉಂಡೆ ಮಾಡಿ ಕಿವಿಗೆ ತುರುಕಿಕೊಂಡನೆಂದು ಆಮೇಲೆ ಗೊತ್ತಾಯಿತು. ಯಾರ್ಯಾರ ಬೆವರು ಕುಡಿದ ಹತ್ತಿಯೋ ಅದು.

ಮಂಗಳವಾರ ಬೆಳಿಗ್ಗೆ ನನ್ನ ಬೆನ್ನ ಹಿಂದೆ ಟಿಣ್ ಎಂದಿತು. ಮತ್ತೆ ಟಿಣ್, ಟಿಣ್. ಇಪ್ಪತ್ತಾರು ವರ್ಷದಲ್ಲಿ ಕೇಳದ ಸದ್ದು. ಅಣ್ಣನ ಬಾಯಿಂದ ಮೊಳೆಗಳು ನೆಲಕ್ಕೆ ಬೀಳುತ್ತಿದ್ದವು.

"ಹೊಸ ಡಬ್ಬೀದು. ಎಣ್ಣೆ ಜಾಸ್ತಿ ಹಾಕಿದಾರೆ, ಜಾರ್ತವೆ" ಎಂದ. ಮಾತು ತೊದಲಿತು. ಬಾಯಲ್ಲಿ ಮೊಳೆ ಇದ್ದರೆ ಯಾರ ಮಾತು ತಾನೇ ನೆಟ್ಟಗಿರುತ್ತದೆ ಎಂದುಕೊಂಡೆ.

ಈಗ ಹೇಳಿದರೆ ನಗುತ್ತೀರಿ. ನಾನು ಎದ್ದು ಹೋಗಿ ಆ ಡಬ್ಬಿಯನ್ನು ಬಕೆಟ್ಟಿಗೆ ಸುರಿದು, ಸೋಪಿನ ಪುಡಿ ಹಾಕಿ, ಮೊಳೆಗಳನ್ನು ತೊಳೆದೆ. ಮೂರು ನೀರು. ಹಳೆಯ ಪೇಪರಿನ ಮೇಲೆ ಹರಡಿ, ತುಕ್ಕು ಹಿಡಿಯದಿರಲೆಂದು ಫ್ಯಾನು ಹಾಕಿ ಒಣಗಿಸಿದೆ. ಅರ್ಧ ದಿನ ಅದಕ್ಕೇ ಹೋಯಿತು. ಅಣ್ಣನ ಮುಖ ನೋಡಬೇಕಾಗಿದ್ದ ಹೊತ್ತಿನಲ್ಲಿ ನಾನು ಮೊಳೆ ತೊಳೆಯುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಸೋಫಾದೊಳಗಿನ ಯಾವ ಹೊಲಸೂ ನನಗೆ ಅಷ್ಟು ಅಸಹ್ಯವೆನಿಸುವುದಿಲ್ಲ, ನನಗೆ ನಾನೇ ಹೇಸಿಗೆಯೆನಿಸುತ್ತೇನೆ.

ಒಣಗಿದ ಮೊಳೆಗಳೂ ಬಿದ್ದವು. ಮಧ್ಯಾಹ್ನ ಚಹಾ ಕೊಟ್ಟಾಗ ಅವನ ಅಂಗಿಯ ಎದೆಯ ಮೇಲೆಲ್ಲ ಚಹಾ. ನಾನು ಲೋಟ ತೆಗೆದುಕೊಳ್ಳಲು ಕೈ ಚಾಚಿದವಳು ಆ ಒದ್ದೆಯನ್ನಷ್ಟೇ ನೋಡಿದೆ. ಲೋಟದ ಅಂಚಿನಲ್ಲಿ ಎಳೆಎಳೆಯಾಗಿ ಜೊಲ್ಲು.

"ಥೂ! ವಯಸ್ಸು ಐವತ್ತೆಂಟಾಯ್ತು, ಹಸುಗೂಸಿನ ಹಾಗೆ ಜೊಲ್ಲು ಸುರಿಸ್ತೀಯಲ್ಲೋ! ಗಿರಾಕಿಗಳು ಬಂದ್ರೆ ಏನಂದ್ಕೋಬೇಕು?" ಎಂದು ಲೋಟವನ್ನು ಎರಡು ಬೆರಳಲ್ಲಿ ಹಿಡಿದು ಮೂಗು ಮುರಿದುಕೊಂಡು ಹೋದೆ.

ಬುಧವಾರ ನಾನು ಬರುವ ಹೊತ್ತಿಗೆ ಅವನ ಸ್ಟೂಲು ಮೂಲೆಗೆ ಹೋಗಿತ್ತು. ಗೋಡೆಗೆ ಮುಖ ಮಾಡಿ ಕೂತು ಕೆಲಸ ಮಾಡುತ್ತಿದ್ದ. ನನಗೆ ಹಾಯೆನಿಸಿತು. ಸುಳ್ಳು ಯಾಕೆ ಹೇಳಲಿ, ಕೊನೆಗೂ ಬುದ್ಧಿ ಬಂತು ಎಂದುಕೊಂಡೆ. ನಾನು ಅವನಿಗೆ ಬೆನ್ನು, ಅವನು ನನಗೆ ಬೆನ್ನು. ಇಡೀ ದಿನ ಹೀಗೇ ಕಳೆದೆವು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಸುತ್ತಿಗೆಯ ಸದ್ದು ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಹೊಲಿದ ಕವರುಗಳು ನನ್ನ ಪಕ್ಕದಲ್ಲಿ ರಾಶಿ ಬಿದ್ದಿದ್ದವು. ಬೈಯಬೇಕೆಂದೇ ಎದ್ದು ಮೂಲೆಗೆ ಹೋದೆ.

ಕೊರಳಿಗೆ ಒಂದು ಚಿಂದಿ ಸಿಕ್ಕಿಸಿಕೊಂಡಿದ್ದ, ಅದು ಪೂರ್ತಿ ತೊಯ್ದಿತ್ತು. ಎಡಗಣ್ಣಿನ ಮೇಲೆ, ರೆಕ್ಸಿನ್ ಅಂಚಿಗೆ ಅಂಟಿಸುವ ಕಪ್ಪು ಟೇಪು. ಮುಖದ ಆ ಅರ್ಧ, ಸ್ಪ್ರಿಂಗು ಕಿತ್ತುಹೋದ ಸೀಟಿನ ಹಾಗೆ ಕುಸಿದಿತ್ತು. ಕೆನ್ನೆ ಜೋತುಬಿದ್ದಿತ್ತು, ತುಟಿಯ ಕೊನೆ ಕೆಳಗೆ ಎಳೆದಿತ್ತು, ಹಣೆಯ ಗೆರೆಗಳು ಅರ್ಧಕ್ಕೇ ನಿಂತುಹೋಗಿದ್ದವು.

"ಏನೋ ಇದು?"

"ಗಾಳಿ ಹೊಡೆದಿದೆಯಂತೆ. ಪಕ್ಕದ ಬಡಗಿ ನಿನ್ನೆ ನೋಡಿ ಹೇಳ್ದ. ಅವನ ಷಡ್ಡಕನಿಗೂ ಆಗಿತ್ತಂತೆ. ಇಟ್ಟಿಗೆ ಬಿಸಿ ಮಾಡಿ ಶಾಖ ಕೊಟ್ರೆ ವಾರದಲ್ಲಿ ತಾನಾಗೇ ಹೋಗುತ್ತಂತೆ." ಪದಗಳು ಬಲಗಡೆಯಿಂದ ಮಾತ್ರ ಹೊರಬರುತ್ತಿದ್ದವು.

ಆ ಬಡಗಿಯನ್ನು ಏನೆನ್ನಬೇಕು! ಹಲಗೆ ಕೂದಲೆಳೆಯಷ್ಟು ಬಾಗಿದರೆ ಹೌಹಾರುವ ಮನುಷ್ಯ, ಪಕ್ಕದವನ ಮುಖ ಬಾಗಿದ್ದು ಕಂಡು ಇಟ್ಟಿಗೆ ಬಿಸಿ ಮಾಡು ಎಂದು ಹೇಳಿ ಹೋಗಿದ್ದಾನೆ. ಆದರೆ ಅವನು ಮುಖವನ್ನಾದರೂ ನೋಡಿದ್ದ.

ಟೇಪು ಕಿತ್ತೆ. ಕಣ್ಣು ಕೆಂಡದ ಹಾಗಿತ್ತು.

"ಕಣ್ಣು ಮುಚ್ಚು" ಎಂದೆ.

"ಮುಚ್ಚಿದೀನಲ್ಲ."

ಬಲಗಣ್ಣು ಮುಚ್ಚಿತ್ತು. ಎಡಗಣ್ಣು ಬಾಗಿಲು ತೆರೆದ ಮನೆಯ ಹಾಗೆ ತೆರೆದೇ ಇತ್ತು, ಗುಡ್ಡೆ ಮಾತ್ರ ಮೇಲಕ್ಕೆ ಹೋಗಿ ಬರೀ ಬಿಳಿ ಕಾಣುತ್ತಿತ್ತು. ಆ ಬಿಳಿಯ ಮೇಲೆ ಕುರ್ಚಿಯ ಹತ್ತಿಯ ಒಂದು ಎಳೆ ಕೂತಿತ್ತು. ರೆಪ್ಪೆ ಮಿಟುಕಲಿಲ್ಲ. ಎಳೆ ಅಲ್ಲೇ ಇತ್ತು. ಎರಡು ದಿನದಿಂದ ಆ ಅಂಗಡಿಯ ಧೂಳೆಲ್ಲ, ಟೇಪಿನ ಸಂದಿಯಿಂದಲೂ, ಆ ತೆರೆದ ಕಣ್ಣಿಗೇ ಬೀಳುತ್ತಿತ್ತು, ಅವನಿಗೆ ಮುಚ್ಚಿದ್ದೇನೆಂಬ ಭ್ರಮೆ.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ನನ್ನ ಸೆರಗಿನಿಂದ ಆ ಕಣ್ಣಿಗೆ ಗಾಳಿ ತಾಗದಂತೆ ಮರೆ ಹಿಡಿದಿದ್ದೆ. ಕಣ್ಣು ಹೋದರೆ ಈ ಕಸುಬು ಹೋಯಿತು, ಬಟ್ಟೆಯ ಎಳೆ ನೇರವಾಗಿದೆಯೋ ಇಲ್ಲವೋ ನೋಡುವುದು ಅದೇ ಕಣ್ಣು. ಕಸುಬು ಹೋದರೆ ಅವನಿಗೆ ಇನ್ನೇನಿದೆ?

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮೂಗಿನ ತುದಿಯಲ್ಲೇ ಕೋಪ. "ಯಾವಾಗಿಂದ ಹೀಗಿದೆ?" ಎಂದರು.

"ಇವತ್ತಿಂದ" ಎಂದು ನಾನು, "ಮಂಗಳವಾರದಿಂದ" ಎಂದು ಅವನು, ಒಟ್ಟಿಗೇ ಹೇಳಿದೆವು. ಡಾಕ್ಟರು ನನ್ನನ್ನು ನೋಡಿದ ನೋಟ ಇವತ್ತಿಗೂ ಬೆನ್ನಿಗೆ ಚುಚ್ಚುತ್ತದೆ.

ಹುಬ್ಬು ಎತ್ತಿ ಎಂದರು, ಹಲ್ಲು ತೋರಿಸಿ ಎಂದರು, ಕೆನ್ನೆ ಉಬ್ಬಿಸಿ ಎಂದರು. ಎರಡೂ ಕೈ ಮುಂದೆ ಚಾಚಿಸಿ ಕಣ್ಣು ಮುಚ್ಚಿಸಿದರು, ನಡೆಸಿದರು, ಮಾತಾಡಿಸಿದರು. ಕಿವಿನೋವು, ಸುತ್ತಿಗೆಯ ಸದ್ದು, ಬಾಯಿಯ ಮೊಳೆ, ಬಡಗಿಯ ಇಟ್ಟಿಗೆ, ಎಲ್ಲವನ್ನೂ ಅಣ್ಣ ಹೇಳಿದ. ಕಿವಿಯೊಳಗೆ ಗುಳ್ಳೆ ಎದ್ದಿದೆಯೋ ಎಂದು ನೋಡಲು ಹೋಗಿ ಚಿಮಟದಲ್ಲಿ ಆ ಕಂದು ಹತ್ತಿಯನ್ನು ಹೊರಗೆ ಎಳೆದರು. "ಇದೇನ್ರೀ ಇದು?"

"ಸಿನಿಮಾ ಕುರ್ಚೀದು" ಎಂದ ಅಣ್ಣ. ಡಾಕ್ಟರು ಅದನ್ನು ದೂರ ಹಿಡಿದು ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡು ಬಂದರು. ನನಗೆ ಅವರು ನಮ್ಮವರೇ ಅನ್ನಿಸಿದರು.

"ನೋಡಿ" ಎಂದರು. "ಮುಖ ಆಡಿಸೋಕೆ ಅಂತಲೇ ಕಿವಿ ಹಿಂದೆಯಿಂದ ಒಂದು ನರ ಬರುತ್ತೆ. ಅದು ಊದಿಕೊಂಡು ಕೆಲಸ ನಿಲ್ಲಿಸಿದೆ. ಕಿವಿ ಹಿಂದೆ ನೋವು, ಸದ್ದು ಜೋರಾಗಿ ಕೇಳಿಸಿದ್ದು, ಎಲ್ಲಾ ಅದರದ್ದೇ. ಹಣೆಯೂ ಆ ಕಡೆ ಸುಕ್ಕಾಗ್ತಿಲ್ಲ, ಕೈಕಾಲು ಸರಿ ಇದೆ. ಅದಕ್ಕೇ ಇದು ಪಾರ್ಶ್ವವಾಯು ಅಲ್ಲ ಅಂತ ನಾನು ಹೇಳ್ತೀನಿ. ನೀವು ಮನೇಲಿ ಕೂತು ಹೇಳೋ ಹಾಗಿಲ್ಲ, ನಿಮ್ಮ ಬಡಗಿ ಅಂತೂ ಮೊದಲೇ ಹೇಳೋ ಹಾಗಿಲ್ಲ. ಮುಖ ಒಂದು ಕಡೆ ವಾಲಿತು ಅಂದ್ರೆ ಆ ಕ್ಷಣಾನೇ ಓಡಿ ಬರ್ಬೇಕು. ಮೆದುಳಿಂದು ಆಗಿದ್ದಿದ್ರೆ ಮೂರು ದಿನ ಅಲ್ಲ, ಮೂರು ಗಂಟೆ ತಡ ಮಾಡಿದ್ರೂ ಕೈ ಮೀರಿ ಹೋಗ್ತಿತ್ತು."

"ಇದಕ್ಕೆ ಔಷಧಿ?" ಎಂದೆ.

"ಇದಕ್ಕೂ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದ್ರೇ ಚೆನ್ನಾಗಿ ಹಿಡಿಯೋದು. ನೀವು ಅಂಚಿಗೆ ಬಂದಿದೀರ. ಬಹಳ ಜನಕ್ಕೆ ಕೆಲವು ವಾರ, ತಿಂಗಳಲ್ಲಿ ವಾಪಸ್ ಬರುತ್ತೆ. ಎಲ್ರಿಗೂ ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ. ಸದ್ಯಕ್ಕೆ ನನ್ನ ಚಿಂತೆ ಕಣ್ಣು. ಕರಿಗುಡ್ಡೆ ಮೇಲೆ ಗೀರು ಬಿದ್ದಿದೆ. ಇನ್ನೆರಡು ದಿನ ಆ ಧೂಳಲ್ಲಿ ಕೂತಿದ್ರೆ ಹುಣ್ಣಾಗ್ತಿತ್ತು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಹಾಗೆ ಯಾಕೆ ಮಾಡ್ಕೋತೀರ?"

ಹಗಲು ಕಣ್ಣಿಗೆ ಹನಿ, ಮಲಗುವಾಗ ಮುಲಾಮು, ರೆಪ್ಪೆಗೆ ಆಸ್ಪತ್ರೆಯ ಮೆತ್ತನೆ ಪಟ್ಟಿ, ನಾಳೆಯೇ ಕಣ್ಣಿನ ಡಾಕ್ಟರು, ಅಂಗಡಿಯ ಧೂಳಿಗೆ ಸದ್ಯ ಕಾಲಿಡಬಾರದು. ಬಾಯಿಗೆ ಮೊಳೆ ಇನ್ನು ಮೇಲೆ ಇಲ್ಲವೇ ಇಲ್ಲ. "ಆ ಕಡೆ ತುಟಿಗೆ ಹಿಡಿತ ಇಲ್ಲ. ಒಂದು ಒಳಗೆ ಜಾರಿ ಉಸಿರ್ನಾಳಕ್ಕೆ ಹೋದ್ರೆ?" ಎಂದರು. ಸಾವಿರ ಸಲ ನಾನು ಹೇಳಿದ್ದನ್ನು ಅವರು ಒಂದು ಸಲ ಹೇಳಿದರು, ಅವನು ತಲೆಯಾಡಿಸಿದ. ಹಿತ್ತಲ ಗಿಡ ಮದ್ದಲ್ಲ.

ಹೊರಡುವಾಗ ನನಗೆ ಸುಮ್ಮನಿರಲಾಗಲಿಲ್ಲ. "ಮೇಡಂ, ನನಗೂ ಬಲಗಣ್ಣಿನ ಕೆಳರೆಪ್ಪೆ ಹದಿನೈದು ದಿನದಿಂದ ಪಟಪಟ ಅಂತ ಅದುರುತ್ತೆ. ನನ್ನ ನರಾನೂ...?"

ಅವರು ದೀಪ ಹಿಡಿದು ನೋಡಿದರು. "ದಿನಕ್ಕೆ ಎಷ್ಟು ಚಹಾ?"

"ಏಳೆಂಟು."

"ನಿದ್ದೆ?"

"ಮೊದಲೇ ಕಮ್ಮಿ, ಈ ಕುರ್ಚಿಗಳು ಬಂದ ಮೇಲೆ ಎಲ್ಲಿ ನಿದ್ದೆ?"

"ಚಹಾ ಕಮ್ಮಿ ಮಾಡಿ, ನಿದ್ದೆ ಮಾಡಿ. ರೆಪ್ಪೆ ಇಷ್ಟೇ ಅದುರಿದ್ರೆ ಸಾಮಾನ್ಯವಾಗಿ ತಾನೇ ಹೋಗುತ್ತೆ. ಇನ್ನೊಂದೆರಡು ವಾರಕ್ಕೂ ನಿಲ್ಲದಿದ್ರೆ, ಇಲ್ಲಾ ಅದುರೋದು ಕೆನ್ನೆಗೆ, ತುಟಿಗೆ ಇಳಿದ್ರೆ, ಕಣ್ಣು ತಾನಾಗೇ ಗಟ್ಟಿಯಾಗಿ ಮುಚ್ಕೊಂಡ್ರೆ, ಬನ್ನಿ." ಸ್ವಲ್ಪ ತಡೆದು ಸೇರಿಸಿದರು, "ನಿಮ್ಮದನ್ನ ಹದಿನೈದು ದಿನದಿಂದ ಲೆಕ್ಕ ಇಟ್ಟಿದೀರಲ್ಲ, ಭೇಷ್."

ಮುಖಕ್ಕೆ ಹೊಡೆದ ಹಾಗಾಯಿತು. ಹೊಡೆಸಿಕೊಳ್ಳಬೇಕಾದದ್ದೇ.

ಅಣ್ಣನನ್ನು ನಮ್ಮ ಮನೆಗೆ ಕರೆತಂದೆ. ಬಾಡಿಗೆಗೆ ಪಿನ್ನಿನ ಗನ್ನು ತಂದು ಕುರ್ಚಿಗಳನ್ನು ನಾನೇ ಹೊಡೆದೆ. ಗಡುವು ಮೀರಿತು, ಸಿನಿಮಾದವನು ಕೂಗಾಡಿದ. ನಿಮ್ಮ ಗಿರಾಕಿಗಳಿಗೆ ಗಮ್ಮು ನುಂಗೋದು ಕಲಿಸಿ ಎಂದು ನಾನೂ ಕೂಗಾಡಿದೆ. ವಾರ ಕಳೆಯುವಷ್ಟರಲ್ಲಿ ಕಣ್ಣಿನ ಗೀರು ಮಾಯಿತು. ಮುಖ ಮಾತ್ರ ಇದ್ದ ಹಾಗೇ ಇತ್ತು.

ಎರಡು ವಾರದ ಮೇಲೆ ವ್ಯಾಯಾಮ ಹೇಳಿಕೊಟ್ಟರು. ಕನ್ನಡಿಯ ಮುಂದೆ ಕೂತು, ನಿಧಾನವಾಗಿ, ಹುಬ್ಬು ಏರಿಸುವುದು, ಮುಗುಳ್ನಗುವುದು, ತುಟಿ ಚೂಪು ಮಾಡುವುದು, ನಾತ ಬಡಿದವರ ಹಾಗೆ ಮೂಗು ಸುಕ್ಕಿಸುವುದು.

"ಆ ಕೊನೇದಕ್ಕೆ ಕನ್ನಡಿ ಬೇಡ" ಎಂದ ಅಣ್ಣ. "ನಮ್ಮ ತಂಗಿ ಎದುರಿಗೆ ಕೂತ್ರೆ ಸಾಕು. ಇಪ್ಪತ್ತಾರು ವರ್ಷದಿಂದ ದಿನಾ ಅಭ್ಯಾಸ ಮಾಡಿದಾಳೆ."

ವ್ಯಾಯಾಮ ಹೇಳಿಕೊಡುವವರು ನಕ್ಕರು. ನಾನು ನಗಲಿಲ್ಲ. ಮನೆಗೆ ಬಂದ ಮೇಲೆ ಕೇಳಿದೆ: "ಮಂಗಳವಾರಾನೇ ಯಾಕೆ ಹೇಳ್ಲಿಲ್ಲ ನೀನು?"

"ಮೊಳೆ ತೊಳೆಯೋಕೆ ನೀನು ಹೋದಾಗ ಕನ್ನಡೀಲಿ ನೋಡ್ಕೊಂಡೆ. ಹೆದರಿಕೆ ಆಯ್ತು. ನೀನು ಚಹಾ ತಂದಾಗ ಹೇಳೋಣ ಅಂತಿದ್ದೆ." ಚಿಂದಿಯಿಂದ ತುಟಿಯ ಕೊನೆ ಒತ್ತಿಕೊಂಡ. "ನೀನು ಥೂ ಅಂದ್ಯಲ್ಲ. ಮೊಳೆಗೇ ಅಷ್ಟು ಹೇಸೋಳು, ಈ ಮುಖ ಬೇರೆ ಯಾಕೆ ತೋರಿಸ್ಲಿ ಅಂತ ಸ್ಟೂಲು ತಿರುಗಿಸ್ಕೊಂಡೆ."

ಆ ಸ್ಟೂಲು ತಿರುಗಿದ್ದು ಕಂಡು ನಾನು ಹಾಯೆಂದುಕೊಂಡಿದ್ದೆ ಎಂದು ಅವನಿಗೆ ಇವತ್ತಿಗೂ ಹೇಳಿಲ್ಲ.

ಅಂದಿನಿಂದ ದಿನಕ್ಕೆ ಮೂರು ಹೊತ್ತು ಅವನ ಎದುರಿಗೆ ಕೂತು ಮೂಗು ಸುಕ್ಕಿಸಿದೆ. ಅವನ ಮೂಗಿನ ಬಲಗಡೆ ಏಳುತ್ತಿತ್ತು, ಎಡಗಡೆ ಸತ್ತ ಹಾಗೆ ಇರುತ್ತಿತ್ತು. ಜೊಲ್ಲು ಇಳಿದರೆ ನಾನೇ ಒರೆಸುತ್ತಿದ್ದೆ. ಹೇಸಿಗೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೂ ಒರೆಸುತ್ತಿದ್ದೆ. ನಾಲ್ಕನೆಯ ವಾರ, ಐದನೆಯ ವಾರ, ಆರನೆಯ ವಾರ. ಎಡಗಡೆ ಏನೂ ಇಲ್ಲ. ಪೂರ್ತಿ ಬರುತ್ತದೆಂದು ಮಾತು ಕೊಡುವುದಿಲ್ಲ ಎಂದ ಡಾಕ್ಟರ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಏಳನೆಯ ವಾರ ಸಿನಿಮಾದವನು, ಬೈದುಕೊಂಡೇ, ಬಾಲ್ಕನಿಯ ದೊಡ್ಡ ಸೋಫಾ ಒಂದನ್ನು ಕಳಿಸಿದ. ಅಣ್ಣ ಧೂಳು ಒಳಗೆ ಹೋಗದ ತಿಳಿಗಾಜಿನ ಕನ್ನಡಕ ಹಾಕಿಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಈಗ ಅವನ ಸ್ಟೂಲೂ ನನ್ನ ಮಿಷನ್ನೂ ಎದುರುಬದುರು. ಕೆಲಸ ಮಾಡುವ ಹಾಗಿರಲಿಲ್ಲ, ನಾನು ಗನ್ನು ಹಿಡಿಯುವ ಚಂದ ನೋಡಿ ಗೊಣಗಲು ಬಂದಿದ್ದ, ಅಷ್ಟೇ.

ಸೀಟಿನ ಬಟ್ಟೆ ಸೀಳಿದೆ. ಗುಮ್ಮೆಂದು ನಾತ ಬಂತು. ಸತ್ತು ಒಣಗಿದ ಇಲಿ. ಅದರ ಪಕ್ಕದಲ್ಲಿ ಯಾರದೋ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು, ಮೇಲಿನದ್ದು. ಅದರ ಹಲ್ಲುಗಳಿಗೆ ಗುಲಾಬಿ ಬಣ್ಣದ ಗಮ್ಮು ಇನ್ನೂ ಕಚ್ಚಿಕೊಂಡಿತ್ತು. ಹಲ್ಲಿಲ್ಲದವನು ಗಮ್ಮು ಜಗಿಯಲು ಹೋಗಿ ಹಲ್ಲನ್ನೇ ಕಳೆದುಕೊಂಡಿದ್ದ.

"ಅಯ್ಯೋ ಥೂ!" ಎಂದು ಅಣ್ಣ ಬಗ್ಗಿ ನೋಡಿದ.

ನಾನು ಹೊಲಸಿನ ಕಡೆ ನೋಡುತ್ತಿರಲಿಲ್ಲ. ಏಳು ವಾರದಿಂದ ನೋಡಿ ನೋಡಿ ಕಣ್ಣು ತಾನಾಗಿ ಅವನ ಮುಖಕ್ಕೇ ಹೋಗಿತ್ತು. ಅವನ ಮೂಗು ಸುಕ್ಕಾಯಿತು. ಬಲಗಡೆ ಮೂರು ಗೆರೆ. ಎಡಗಡೆ ಒಂದು. ಸಣ್ಣದು, ಉಗುರಿನಲ್ಲಿ ಗೀರಿದಷ್ಟು.

"ಹಾಗೇ ಇರು! ಅಲ್ಲಾಡ್ಬೇಡ!" ಎಂದು ಚೀರಿದೆ.

ಅವನು ಬೆಚ್ಚಿಬಿದ್ದ. "ಇಲಿ ಸತ್ತಿದೆ ಕಣೇ, ಕಚ್ಚಲ್ಲ."

"ಇಲಿ ಅಲ್ಲ, ಮೂಗು! ನಿನ್ನ ಮೂಗು! ಎಡಗಡೆ!" ಎಂದು ಗೋಡೆಯ ಕನ್ನಡಿ ಕಿತ್ತು ತಂದು ಅವನ ಮುಂದೆ ಹಿಡಿದೆ. ಅಷ್ಟರಲ್ಲಿ ಗೆರೆ ಹೋಗಿತ್ತು. ನಾನು ಹಲ್ಲಿನ ಸೆಟ್ಟನ್ನು ಬರಿಗೈಯಲ್ಲೇ ಎತ್ತಿ ಅವನ ಮೂಗಿನ ಕೆಳಗೆ ಹಿಡಿದೆ. "ಇನ್ನೊಂದ್ಸಲ ಮೂಸು."

ಮೂಸಿದ. ಗೆರೆ ಮತ್ತೆ ಬಂತು. ಕನ್ನಡಿಯಲ್ಲಿ ಅದನ್ನು ನೋಡುತ್ತಾ ಅವನ ಬಲಗಣ್ಣು ತುಂಬಿತು. ಎಡಗಣ್ಣು ಹೇಗೂ ಏಳು ವಾರದಿಂದ ಸುರಿಯುತ್ತಲೇ ಇತ್ತು.

"ಏನೇ, ಹಾಗೇ ಹಿಡ್ಕೊಂಡಿದೀಯ ಅದನ್ನ ಕೈಯಲ್ಲಿ" ಎಂದ. "ಹೇಸಿಗೆ ಆಗಲ್ವಾ?"

"ವಾಂತಿ ಬರ್ತಿದೆ" ಎಂದೆ. "ಮೂಸು, ಇನ್ನೊಂದ್ಸಲ."